ಉಪವಾಸದಲ್ಲಿಯೂ ಏರುವ ಸಕ್ಕರೆ: ಎರಡನೆಯ ಬಗೆಯ ಮಧುಮೇಹ ಮತ್ತು ಹಾರ್ಮೋನುಗಳು



ಮಧುಮೇಹವುಳ್ಳವರು ವೈದ್ಯರ ಮುಂದೆ ಮತ್ತೆ ಮತ್ತೆ ಇಡುವ ಪ್ರಶ್ನೆಯೊಂದಿದೆ. ರಾತ್ರಿ ಎಂಟು ಗಂಟೆಗೆ ಎರಡು ಚಪಾತಿ, ಸ್ವಲ್ಪ ಪಲ್ಯ ತಿಂದವರು ಮಲಗುವ ಮುನ್ನ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಂಡಾಗ ಅದು 140 ಇರುತ್ತದೆ. ಬೆಳಿಗ್ಗೆ ಬರಿಯ ಹೊಟ್ಟೆಯಲ್ಲಿ ಪುನಃ ಪರೀಕ್ಷಿಸಿದಾಗ ಅದೇ ಸಕ್ಕರೆ 165ಕ್ಕೆ ಏರಿರುತ್ತದೆ. ನಡುವೆ ಒಂದು ತುತ್ತೂ ಒಳಗೆ ಹೋಗಿಲ್ಲ. ಹಾಗಾದರೆ ಈ ಸಕ್ಕರೆ ಬಂದುದೆಲ್ಲಿಂದ? ರೋಗಿಯು ಕದ್ದು ತಿಂದಿರಬೇಕೆಂದು ಮನೆಯವರು ಶಂಕಿಸುತ್ತಾರೆ. ಪರೀಕ್ಷೆಯೇ ತಪ್ಪಿರಬೇಕೆಂದು ರೋಗಿಯು ಶಂಕಿಸುತ್ತಾನೆ. ಬಹುಮಟ್ಟಿಗೆ ಈ ಎರಡು ಶಂಕೆಗಳೂ ನಿರಾಧಾರವಾದವು. ಆ ಸಕ್ಕರೆಯು ರೋಗಿಯ ದೇಹದೊಳಗೇ ತಯಾರಾದುದು; ಅದನ್ನು ತಯಾರಿಸಲು ಆಜ್ಞೆಯಿತ್ತವು ಹಾರ್ಮೋನುಗಳು.

ಜನರು ಈ ರೋಗವನ್ನು ‘ಸಕ್ಕರೆ ಕಾಯಿಲೆ’ ಎಂದು ಕರೆಯುವುದು ವಾಡಿಕೆ. ಹೆಸರು ಸುಲಭವಾದುದೇನೋ ಸರಿ. ಆದರೆ ಅದರಿಂದ ತಪ್ಪು ತಿಳಿವಳಿಕೆಗಳು ಹುಟ್ಟಿವೆ. ಕಾಫಿಗೆ ಸಕ್ಕರೆ ಹಾಕುವುದನ್ನು ಬಿಟ್ಟರೆ ಚಿಕಿತ್ಸೆ ಮುಗಿಯಿತೆಂದು ಕೆಲವರು ಭಾವಿಸುತ್ತಾರೆ. ಪರೀಕ್ಷೆಯ ಅಂಕಿ ಒಮ್ಮೆ ಹತೋಟಿಗೆ ಬಂದೊಡನೆ ಮಾತ್ರೆಗಳನ್ನು ನಿಲ್ಲಿಸುವವರಿದ್ದಾರೆ. ಇನ್ಸುಲಿನ್ ಚುಚ್ಚುಮದ್ದೆಂದರೆ ಕೊನೆಯ ಹಂತವೆಂದು ಹೆದರಿ, ವರ್ಷಗಟ್ಟಲೆ ಅದನ್ನು ಮುಂದೂಡಿ, ಕಣ್ಣು ಮತ್ತು ಮೂತ್ರಪಿಂಡಗಳನ್ನು ಹಾಳುಮಾಡಿಕೊಂಡವರೂ ಉಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಇನ್ನೂ 13 ಕೋಟಿಗೂ ಮಿಕ್ಕ ಜನರು ಅದರ ಹೊಸ್ತಿಲಲ್ಲಿದ್ದಾರೆ. ಇವರಲ್ಲಿ ಬಹುಪಾಲು ಎರಡನೆಯ ಬಗೆಯ ಮಧುಮೇಹಕ್ಕೆ ಸೇರಿದವರು. ಆದುದರಿಂದ ಈ ರೋಗದಲ್ಲಿ ಹಾರ್ಮೋನುಗಳಿಗೂ ದೇಹದ ಚಯಾಪಚಯ ಕ್ರಿಯೆಗೂ ಇರುವ ಸಂಬಂಧವನ್ನು ಸಾಮಾನ್ಯ ಜನರೂ ಅರಿತಿರುವುದು ಅವಶ್ಯಕ.

ರಕ್ತದಲ್ಲಿರುವ ಒಂದು ಚಮಚ ಸಕ್ಕರೆ

ಉಂಡ ಆಹಾರವನ್ನು ಶಕ್ತಿಯಾಗಿ ಪರಿವರ್ತಿಸುವುದು, ಮಿಕ್ಕುದನ್ನು ಶೇಖರಿಸುವುದು, ಅಗತ್ಯ ಬಿದ್ದಾಗ ಶೇಖರಣೆಯಿಂದ ತೆಗೆದು ಬಳಸುವುದು ಇವೆಲ್ಲವನ್ನೂ ಒಟ್ಟಾಗಿ ಚಯಾಪಚಯ ಕ್ರಿಯೆಯೆಂದು ಕರೆಯುತ್ತಾರೆ. ಅನ್ನ, ಚಪಾತಿ, ರಾಗಿ ಮುದ್ದೆ, ಜೋಳದ ರೊಟ್ಟಿ ಇವೆಲ್ಲವುಗಳಲ್ಲಿಯೂ ಪಿಷ್ಟವೇ ಪ್ರಧಾನವಾದುದು. ಜೀರ್ಣವಾದ ಪಿಷ್ಟವು ಗ್ಲೂಕೋಸ್ ಎಂಬ ಸರಳ ಸಕ್ಕರೆಯಾಗಿ ರಕ್ತವನ್ನು ಸೇರುತ್ತದೆ.

ವಯಸ್ಕರ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿರುತ್ತದೆ. ಬರಿಯ ಹೊಟ್ಟೆಯಲ್ಲಿ ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂಗಿಂತ ತುಸು ಕಡಿಮೆ ಗ್ಲೂಕೋಸ್ ಇರುವುದು ಆರೋಗ್ಯದ ಲಕ್ಷಣ. ಲೆಕ್ಕ ಹಾಕಿದರೆ ಇಡೀ ರಕ್ತದಲ್ಲಿರುವ ಗ್ಲೂಕೋಸ್ ಸುಮಾರು 5 ಗ್ರಾಂ, ಅಂದರೆ ಒಂದು ಟೀ ಚಮಚದಷ್ಟು ಮಾತ್ರ. ಮಿದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ, ಎಂದರೆ ಗಂಟೆಗೆ 5 ಗ್ರಾಂ ಗ್ಲೂಕೋಸನ್ನು ವ್ಯಯಿಸುತ್ತದೆ. ಹೊರಗಿನಿಂದ ಪೂರೈಕೆ ಇಲ್ಲದಿದ್ದರೆ ನಿದ್ರೆಯ ಮೊದಲ ಒಂದು ಗಂಟೆಯಲ್ಲಿಯೇ ರಕ್ತದ ಸಕ್ಕರೆ ಬರಿದಾಗಬೇಕಿತ್ತು. ಹಾಗೆ ಆಗದಿರುವುದಕ್ಕೆ ಕಾರಣ ಯಕೃತ್ತು, ಅಂದರೆ ಪಿತ್ತಜನಕಾಂಗ. ಊಟದ ನಂತರ ಅದು ಸುಮಾರು 100 ಗ್ರಾಂನಷ್ಟು ಗ್ಲೂಕೋಸನ್ನು ಗ್ಲೈಕೋಜನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ರಾತ್ರಿಯಿಡೀ ಅದನ್ನು ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಬಿಡುತ್ತದೆ. ಇಷ್ಟೇ ಅಲ್ಲದೆ, ಅಮೈನೋ ಆಮ್ಲ, ಲ್ಯಾಕ್ಟಿಕ್ ಆಮ್ಲ, ಗ್ಲಿಸರಾಲ್ ಮುಂತಾದ ವಸ್ತುಗಳಿಂದ ಹೊಸದಾಗಿ ಗ್ಲೂಕೋಸನ್ನು ತಯಾರಿಸುವ ಸಾಮರ್ಥ್ಯವೂ ಅದಕ್ಕಿದೆ. ಸಕ್ಕರೆಯನ್ನೇ ತಿನ್ನದವನ ರಕ್ತದಲ್ಲಿಯೂ ಸಕ್ಕರೆ ಇರುವುದು ಈ ಕಾರಣದಿಂದ.

ಯಕೃತ್ತು ಯಾವಾಗ ಬಿಡಬೇಕು, ಯಾವಾಗ ಕೂಡಿಡಬೇಕು, ಎಷ್ಟು ಬಿಡಬೇಕು ಎಂಬುದನ್ನು ತಿಳಿಸುವವರು ಯಾರು? ಆ ಹೊಣೆ ಹಾರ್ಮೋನುಗಳದು. ನಿರ್ನಾಳ ಗ್ರಂಥಿಗಳಲ್ಲಿ ಹುಟ್ಟಿ, ರಕ್ತದೊಡನೆ ಸಾಗಿ, ದೂರದ ಅಂಗಗಳಿಗೆ ಆಜ್ಞೆಯನ್ನು ಮುಟ್ಟಿಸುವ ರಾಸಾಯನಿಕ ದೂತರೇ ಇವು.

ಇನ್ಸುಲಿನ್ ಮತ್ತು ಗ್ಲುಕಗಾನ್

ಜಠರದ ಹಿಂಬದಿಯಲ್ಲಿರುವ ಮೇದೋಜೀರಕ ಗ್ರಂಥಿಯೊಳಗೆ ಚದುರಿಕೊಂಡಿರುವ ಸಣ್ಣ ಸಣ್ಣ ಜೀವಕೋಶ ಸಮೂಹಗಳನ್ನು ಜರ್ಮನಿಯ ಪಾಲ್ ಲ್ಯಾಂಗರ್‌ಹಾನ್ಸ್ 1869ರಲ್ಲಿ ಗುರುತಿಸಿದನು. 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಎಂಬ ವಿಜ್ಞಾನಿಗಳು ನಾಯಿಯೊಂದರ ಮೇದೋಜೀರಕ ಗ್ರಂಥಿಯನ್ನು ತೆಗೆದುಹಾಕಿದಾಗ ಅದಕ್ಕೆ ಮಧುಮೇಹ ಉಂಟಾಯಿತು. 1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಇವರು ಮ್ಯಾಕ್ಲಿಯಾಡ್ ಅವರ ಪ್ರಯೋಗಾಲಯದಲ್ಲಿ ಆ ಗ್ರಂಥಿಯಿಂದ ಇನ್ಸುಲಿನ್ನನ್ನು ಬೇರ್ಪಡಿಸಿದರು; ಕೊಲಿಪ್ ಅದನ್ನು ಶುದ್ಧೀಕರಿಸಿದರು. 1922ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಬಾಲಕನೊಬ್ಬನಿಗೆ ಅದನ್ನು ಮೊದಲ ಬಾರಿಗೆ ಚುಚ್ಚಲಾಯಿತು. ಮರುವರ್ಷವೇ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯಾಡ್ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಬ್ಯಾಂಟಿಂಗ್ ಅವರ ಜನ್ಮದಿನವಾದ ನವೆಂಬರ್ 14ನ್ನು ವಿಶ್ವ ಮಧುಮೇಹ ದಿನವೆಂದು ಆಚರಿಸಲಾಗುತ್ತಿದೆ.

ಇನ್ಸುಲಿನ್ನಿನ ಕೆಲಸ ಮೂರು ಕಡೆ ನಡೆಯುತ್ತದೆ. ಸ್ನಾಯುಗಳಲ್ಲಿ ಅದು ಗ್ಲೂಕೋಸಿಗೆ ಬಾಗಿಲು ತೆರೆದು ಒಳಗೆ ಬರಮಾಡಿಕೊಳ್ಳುತ್ತದೆ. ಯಕೃತ್ತಿಗೆ ‘ಇನ್ನು ಬಿಡುವುದು ಬೇಡ, ಕೂಡಿಡು’ ಎಂದು ಆಜ್ಞಾಪಿಸುತ್ತದೆ. ಕೊಬ್ಬಿನ ಕೋಶಗಳಲ್ಲಿ ಕೊಬ್ಬು ಕರಗಿ ರಕ್ತಕ್ಕೆ ಹರಿಯದಂತೆ ತಡೆಯುತ್ತದೆ. ಒಟ್ಟಿನಲ್ಲಿ ಇದು ಶೇಖರಣೆಯ ಹಾರ್ಮೋನು.

ಅದೇ ಗ್ರಂಥಿಯ ನೆರೆಯ ಕೋಶಗಳಲ್ಲಿ ಹುಟ್ಟುವ ಗ್ಲುಕಗಾನ್ ಇದಕ್ಕೆ ಪ್ರತಿಯಾಗಿ ವರ್ತಿಸುತ್ತದೆ. ಹೊಟ್ಟೆ ಬರಿದಾದಾಗ ಅದು ಯಕೃತ್ತಿನ ಉಗ್ರಾಣವನ್ನು ತೆರೆಯಿಸುತ್ತದೆ. ಆರೋಗ್ಯವಂತನಲ್ಲಿ ಊಟವಾದೊಡನೆ ಇನ್ಸುಲಿನ್ ಏರುತ್ತದೆ, ಗ್ಲುಕಗಾನ್ ಇಳಿಯುತ್ತದೆ. ಉಪವಾಸದಲ್ಲಿ ಇದು ತಿರುಗುಮುರುಗಾಗುತ್ತದೆ. ಅಡ್ರಿನಲ್ ಗ್ರಂಥಿಯ ಅಡ್ರಿನಲಿನ್ ಮತ್ತು ಕಾರ್ಟಿಸಾಲ್, ಪಿಟ್ಯುಟರಿ ಗ್ರಂಥಿಯ ಬೆಳವಣಿಗೆಯ ಹಾರ್ಮೋನು ಇವೂ ರಕ್ತದ ಸಕ್ಕರೆಯನ್ನು ಏರಿಸುವ ಗುಂಪಿಗೆ ಸೇರಿದವು. ಏರಿಸುವ ಹಾರ್ಮೋನುಗಳು ಹಲವು, ಇಳಿಸುವುದು ಮುಖ್ಯವಾಗಿ ಇನ್ಸುಲಿನ್ ಒಂದೇ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ಆಜ್ಞೆ ಇದ್ದೂ ಪಾಲನೆ ಇಲ್ಲ

ಇನ್ಸುಲಿನ್ ದೊರೆತ ಮೇಲೆ, ಮಧುಮೇಹವೆಂದರೆ ಇನ್ಸುಲಿನ್ನಿನ ಕೊರತೆಯೇ ಎಂದು ಎಲ್ಲರೂ ನಂಬಿದ್ದರು. 1936ರಲ್ಲಿ ಇಂಗ್ಲೆಂಡಿನ ಹೆರಾಲ್ಡ್ ಹಿಮ್ಸ್‌ವರ್ತ್ ಅವರು ರೋಗಿಗಳಲ್ಲಿ ಎರಡು ಬಗೆಯವರಿದ್ದಾರೆ, ಒಂದು ಬಗೆಯವರಲ್ಲಿ ಚುಚ್ಚಿದ ಇನ್ಸುಲಿನ್ನಿಗೂ ದೇಹ ಸರಿಯಾಗಿ ಸ್ಪಂದಿಸುವುದಿಲ್ಲ ಎಂದು ತೋರಿಸಿದರು. ರಕ್ತದಲ್ಲಿನ ಇನ್ಸುಲಿನ್ನನ್ನು ಅಳೆಯುವ ಸೂಕ್ಷ್ಮ ವಿಧಾನವನ್ನು ಅಮೆರಿಕದ ರೊಸಾಲಿನ್ ಯಾಲೊ ಮತ್ತು ಸಾಲೊಮನ್ ಬೆರ್ಸನ್ ಅವರು ರೂಪಿಸಿ 1960ರಲ್ಲಿ ವಿವರವಾಗಿ ಪ್ರಕಟಿಸಿದಾಗ ಈ ಮಾತಿಗೆ ಪುಷ್ಟಿ ದೊರೆಯಿತು. ನಡುವಯಸ್ಸಿನಲ್ಲಿ ಮಧುಮೇಹ ಬಂದ ಅನೇಕರ ರಕ್ತದಲ್ಲಿ ಇನ್ಸುಲಿನ್ ಇತ್ತು; ಕೆಲವರಲ್ಲಿ ಆರೋಗ್ಯವಂತರಿಗಿಂತ ಹೆಚ್ಚಾಗಿಯೇ ಇತ್ತು. ಈ ವಿಧಾನಕ್ಕಾಗಿ ಯಾಲೊ ಅವರಿಗೆ 1977ರಲ್ಲಿ ನೊಬೆಲ್ ಪಾರಿತೋಷಕ ಸಂದಿತು.

ಇದನ್ನೇ ಇನ್ಸುಲಿನ್ ಪ್ರತಿರೋಧವೆನ್ನುತ್ತಾರೆ. ಆಜ್ಞೆ ಹೊರಡುತ್ತದೆ, ಆದರೆ ಸ್ನಾಯು, ಯಕೃತ್ತು, ಕೊಬ್ಬಿನ ಕೋಶಗಳು ಅದನ್ನು ಅರೆಬರೆಯಾಗಿ ಕೇಳಿಸಿಕೊಳ್ಳುತ್ತವೆ. ಆಗ ಮೇದೋಜೀರಕ ಗ್ರಂಥಿಯು ಹೆಚ್ಚು ಇನ್ಸುಲಿನ್ ಸುರಿಸಿ ಕೆಲಸ ಸಾಗಿಸುತ್ತದೆ. ಹೀಗೆ ವರ್ಷಗಳು ಕಳೆಯುತ್ತವೆ. ರಕ್ತಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ. ಕಾಲಕ್ರಮದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ಬಳಲಿ ಕುಗ್ಗುತ್ತವೆ. ಆಗಲೇ ಸಕ್ಕರೆ ಏರಲು ತೊಡಗುವುದು. ಬ್ರಿಟನ್ನಿನಲ್ಲಿ ಸುಮಾರು ಇಪ್ಪತ್ತು ವರ್ಷಗಳ ಕಾಲ ನಡೆದು 1998ರಲ್ಲಿ ಮುಖ್ಯ ಫಲಿತಾಂಶಗಳನ್ನು ಪ್ರಕಟಿಸಿದ ದೊಡ್ಡ ಅಧ್ಯಯನವೊಂದರ ಪ್ರಕಾರ, ರೋಗ ಪತ್ತೆಯಾಗುವ ಹೊತ್ತಿಗೇ ಬೀಟಾ ಕೋಶಗಳ ಸಾಮರ್ಥ್ಯ ಸುಮಾರು ಅರ್ಧದಷ್ಟು ನಷ್ಟವಾಗಿರುತ್ತದೆ. ರೋಗವು ಪತ್ತೆಯಾದ ದಿನ ಹುಟ್ಟಿದುದಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬೆಳಗಿನ ಸಕ್ಕರೆಯ ಪ್ರಶ್ನೆಗೆ ಈಗ ಉತ್ತರ ದೊರೆಯುತ್ತದೆ. ಎರಡನೆಯ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ನಿನ ‘ಬಿಡಬೇಡ’ ಎಂಬ ಆಜ್ಞೆಯನ್ನು ಯಕೃತ್ತು ಸರಿಯಾಗಿ ಪಾಲಿಸುವುದಿಲ್ಲ. ಇಳಿಯಬೇಕಾಗಿದ್ದ ಗ್ಲುಕಗಾನ್ ಇಳಿದಿರುವುದಿಲ್ಲ. ಇವುಗಳ ಜೊತೆಗೆ ಬೆಳಗಿನ ಜಾವದಲ್ಲಿ ಪ್ರತಿಯೊಬ್ಬರಲ್ಲಿಯೂ ಕಾರ್ಟಿಸಾಲ್ ಸಹಜವಾಗಿ ಏರುತ್ತದೆ. ರಾತ್ರಿ ಸ್ರವಿಸಿದ ಬೆಳವಣಿಗೆಯ ಹಾರ್ಮೋನಿನ ಪರಿಣಾಮವೂ ಉಳಿದಿರುತ್ತದೆ. ಏಳುವ ಹೊತ್ತಿಗೆ ದೇಹಕ್ಕೆ ಶಕ್ತಿ ಸಿದ್ಧವಾಗಿರಲೆಂಬ ಏರ್ಪಾಡು ಅದು. ಆರೋಗ್ಯವಂತನ ಮೇದೋಜೀರಕ ಗ್ರಂಥಿಯು ತುಸು ಇನ್ಸುಲಿನ್ ಹೆಚ್ಚಿಸಿ ಇದನ್ನು ಸರಿದೂಗಿಸುತ್ತದೆ. ಮಧುಮೇಹಿಯಲ್ಲಿ ಅದು ಆಗದು. ಆದುದರಿಂದ ಉಪವಾಸವಿದ್ದ ರಾತ್ರಿಯ ನಂತರವೂ ಸಕ್ಕರೆ ಏರಿರುತ್ತದೆ.

ಕೊಬ್ಬೂ ಒಂದು ಗ್ರಂಥಿ

ಕೊಬ್ಬು ಕೇವಲ ಹೆಚ್ಚುವರಿ ಆಹಾರದ ಗಂಟು ಎಂಬ ಭಾವನೆ ಬಹುಕಾಲ ಇತ್ತು. ಹಸಿವನ್ನು ಹತೋಟಿಯಲ್ಲಿಡುವ ಲೆಪ್ಟಿನ್ ಎಂಬ ಹಾರ್ಮೋನು ಕೊಬ್ಬಿನ ಕೋಶಗಳಲ್ಲಿ ಹುಟ್ಟುತ್ತದೆಂದು 1994ರಲ್ಲಿ ತಿಳಿದುಬಂದ ಮೇಲೆ ಆ ಭಾವನೆ ಬದಲಾಯಿತು. ಇನ್ಸುಲಿನ್ನಿಗೆ ನೆರವಾಗುವ ಅಡಿಪೊನೆಕ್ಟಿನ್ ಎಂಬ ಇನ್ನೊಂದು ಹಾರ್ಮೋನು ಬೊಜ್ಜು ಹೆಚ್ಚಿದಂತೆ ಕಡಿಮೆಯಾಗುತ್ತದೆ. ಹೊಟ್ಟೆಯ ಒಳಭಾಗದಲ್ಲಿ ಕೂಡಿದ ಕೊಬ್ಬಿನಿಂದ ಹೊರಡುವ ಕೊಬ್ಬಿನಾಮ್ಲಗಳು ಯಕೃತ್ತಿಗೂ ಸ್ನಾಯುವಿಗೂ ಸೇರಿ ಪ್ರತಿರೋಧವನ್ನು ಬೆಳೆಸುತ್ತವೆ.

ತೂಕ ಹೆಚ್ಚಿಲ್ಲದ ಭಾರತೀಯರಿಗೂ ಮಧುಮೇಹ ಬರುವುದೇಕೆ ಎಂಬುದಕ್ಕೆ ಪುಣೆಯಲ್ಲಿ ನಡೆದ ಸಂಶೋಧನೆಗಳು ಬೆಳಕು ಚೆಲ್ಲಿವೆ. ಅಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ಅವರು ತಮ್ಮ ದೇಹಗಳನ್ನೇ ಹೋಲಿಸಿ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಭಾವಚಿತ್ರ ಸಹಿತವಾಗಿ ಪ್ರಕಟಿಸಿದರು. ಎತ್ತರ ಮತ್ತು ತೂಕದಿಂದ ಲೆಕ್ಕ ಹಾಕುವ ಸೂಚ್ಯಂಕ ಇಬ್ಬರಲ್ಲಿಯೂ 22.3 ಆಗಿತ್ತು. ಆದರೆ ದೇಹದಲ್ಲಿನ ಕೊಬ್ಬು ಯುಡ್ಕಿನ್ ಅವರಲ್ಲಿ ಶೇಕಡಾ 9.1, ಯಾಜ್ಞಿಕ್ ಅವರಲ್ಲಿ ಶೇಕಡಾ 21.2. ಪುಣೆಯ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿದ ಶಿಶುಗಳನ್ನು ಇಂಗ್ಲೆಂಡಿನ ಶಿಶುಗಳೊಡನೆ ಹೋಲಿಸಿದಾಗಲೂ ಇಂಥದೇ ಚಿತ್ರ ಕಂಡಿತು. ಸರಾಸರಿ ತೂಕ ಅಲ್ಲಿ 3.5 ಕಿಲೋಗ್ರಾಂ, ಇಲ್ಲಿ 2.7 ಕಿಲೋಗ್ರಾಂ. ಇಲ್ಲಿನ ಶಿಶುಗಳಲ್ಲಿ ಸ್ನಾಯು ಕೃಶವಾಗಿದ್ದರೂ ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ. ಹೊಕ್ಕುಳಬಳ್ಳಿಯ ರಕ್ತದಲ್ಲಿ ಇನ್ಸುಲಿನ್ ಹೆಚ್ಚಾಗಿತ್ತು. ಹೀಗಾಗಿ ಗರ್ಭಿಣಿಯ ಆರೋಗ್ಯಕ್ಕೂ ಮಗುವಿನ ಮುಂದಿನ ಚಯಾಪಚಯಕ್ಕೂ ಸಂಬಂಧವಿದೆಯೆಂದು ತಿಳಿಯಲಾಗಿದೆ.

ಇದರಿಂದ ಬರುವ ಪಾಠ ಸ್ಪಷ್ಟ. ಭಾರತೀಯರು ತಕ್ಕಡಿಯ ಜೊತೆಗೆ ಅಳತೆಪಟ್ಟಿಯನ್ನೂ ಬಳಸಬೇಕು. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಮೀರಿದರೆ ತೂಕ ಎಷ್ಟೇ ಇರಲಿ, ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು.

ಕರುಳಿನ ದೂತರು

ಒಂದೇ ಪ್ರಮಾಣದ ಗ್ಲೂಕೋಸನ್ನು ರಕ್ತನಾಳಕ್ಕೆ ನೇರವಾಗಿ ನೀಡಿದಾಗ ಬರುವುದಕ್ಕಿಂತ, ಬಾಯಿಯ ಮೂಲಕ ಕುಡಿಸಿದಾಗ ಹೆಚ್ಚು ಇನ್ಸುಲಿನ್ ಸ್ರವಿಸುತ್ತದೆಂದು 1964ರಲ್ಲಿ ಕಂಡುಕೊಳ್ಳಲಾಯಿತು. ಆಹಾರ ಬಂದ ಸುದ್ದಿಯನ್ನು ಕರುಳೇ ಮುಂಚಿತವಾಗಿ ಮೇದೋಜೀರಕ ಗ್ರಂಥಿಗೆ ಮುಟ್ಟಿಸುತ್ತದೆ ಎಂಬುದೇ ಇದರ ಅರ್ಥ. ಈ ದೂತರಲ್ಲಿ ಜಿಎಲ್‌ಪಿ-1 ಎಂಬುದು ಪ್ರಮುಖವಾದುದು. ಅದು ಇನ್ಸುಲಿನ್ನನ್ನು ಹೆಚ್ಚಿಸುತ್ತದೆ, ಗ್ಲುಕಗಾನನ್ನು ತಗ್ಗಿಸುತ್ತದೆ, ಜಠರದಿಂದ ಆಹಾರ ಮುಂದೆ ಸಾಗುವುದನ್ನು ನಿಧಾನಗೊಳಿಸುತ್ತದೆ, ಮಿದುಳಿಗೆ ಹೊಟ್ಟೆ ತುಂಬಿತೆಂದು ತಿಳಿಸುತ್ತದೆ. ಆದರೆ ದೇಹದ ಒಂದು ಕಿಣ್ವವು ಇದನ್ನು ಎರಡು ಮೂರು ನಿಮಿಷಗಳಲ್ಲಿ ನಾಶಪಡಿಸುತ್ತದೆ. ಎರಡನೆಯ ಬಗೆಯ ಮಧುಮೇಹದಲ್ಲಿ ಕರುಳಿನ ಈ ನೆರವು ಕುಂದಿರುತ್ತದೆ.

ಚಿಂತೆ, ನಿದ್ರೆ ಮತ್ತು ಸೋಂಕು

ಹೆದರಿಕೆ, ಕೋಪ, ದೀರ್ಘಕಾಲದ ಚಿಂತೆ ಇವು ಅಡ್ರಿನಲಿನ್ ಮತ್ತು ಕಾರ್ಟಿಸಾಲ್‌ಗಳನ್ನು ಏರಿಸುತ್ತವೆ. ಜ್ವರ, ಸೋಂಕು, ಶಸ್ತ್ರಚಿಕಿತ್ಸೆಗಳಲ್ಲಿಯೂ ಹೀಗೆಯೇ. ಊಟ ಸೇರದಿದ್ದರೂ ಜ್ವರದಲ್ಲಿ ಸಕ್ಕರೆ ಏರುವುದು ಇದರಿಂದಲೇ; ಆ ಸಮಯದಲ್ಲಿ ಊಟವಿಲ್ಲವೆಂದು ಔಷಧಿಯನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಬೇಕು. ಉಬ್ಬಸ, ಕೀಲುನೋವು ಮೊದಲಾದವುಗಳಿಗೆ ನೀಡುವ ಸ್ಟೀರಾಯ್ಡ್ ಮಾತ್ರೆಗಳು ಕಾರ್ಟಿಸಾಲ್‌ನಂತೆಯೇ ವರ್ತಿಸುವುದರಿಂದ, ತಮಗೆ ಮಧುಮೇಹವಿದೆಯೆಂದು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ನಿದ್ರೆಗೆಡುವುದೂ ಇನ್ಸುಲಿನ್ ಪ್ರತಿರೋಧವನ್ನು ಹೆಚ್ಚಿಸುತ್ತದೆ. ರಾತ್ರಿ ಪಾಳಿಯಲ್ಲಿ ದುಡಿಯುವವರು, ಮುಂಬಯಿಯಂಥ ನಗರಗಳಲ್ಲಿ ನಸುಕಿನಲ್ಲೆದ್ದು ಲೋಕಲ್ ರೈಲು ಹಿಡಿದು ತಡರಾತ್ರಿ ಮನೆ ಸೇರುವವರು ಈ ಮಾತನ್ನು ಮನಸ್ಸಿನಲ್ಲಿಡಬೇಕು.

ಚಿಕಿತ್ಸೆಯ ಹಿಂದಿನ ತರ್ಕ

ಹಾರ್ಮೋನುಗಳ ಈ ನಕ್ಷೆಯನ್ನು ತಿಳಿದವನಿಗೆ ವೈದ್ಯರು ಬರೆದುಕೊಡುವ ಚೀಟಿ ಅರ್ಥವಾಗತೊಡಗುತ್ತದೆ.

ಮೊದಲನೆಯದು ನಡಿಗೆ. ಸ್ನಾಯು ದುಡಿಯುವಾಗ ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ, ಬೇರೊಂದು ಮಾರ್ಗದಿಂದ ಗ್ಲೂಕೋಸಿಗೆ ಬಾಗಿಲು ತೆರೆಯುತ್ತದೆ. ಪ್ರತಿರೋಧವಿದ್ದವರಲ್ಲಿಯೂ ಈ ಮಾರ್ಗ ತೆರೆದಿರುತ್ತದೆ. ದಿನಕ್ಕೆ ಅರ್ಧ ಗಂಟೆಯ ಬಿರುಸು ನಡಿಗೆ, ಊಟದ ನಂತರ ಹತ್ತು ಹದಿನೈದು ನಿಮಿಷಗಳ ಓಡಾಟ ಇವು ಔಷಧಿಗೆ ಸಮಾನವಾಗಿ ನೆರವಾಗುತ್ತವೆ.

ಎರಡನೆಯದು ಆಹಾರ. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯಲ್ಲಿ ಬಲ್ಲವನೆಂದರೆ ಪ್ರಮಾಣವನ್ನು ಬಲ್ಲವನು. ಅನ್ನ ಬಿಟ್ಟು ರಾಗಿ ಮುದ್ದೆಗೆ ಹೊರಳಿದವರು ಮುದ್ದೆಯಲ್ಲಿಯೂ ಪಿಷ್ಟವಿದೆಯೆಂಬುದನ್ನು ಮರೆಯಬಾರದು. ತಟ್ಟೆಯ ಅರ್ಧ ಭಾಗ ಸೊಪ್ಪು ತರಕಾರಿಗಳಿಗೂ, ಕಾಲು ಭಾಗ ಬೇಳೆ ಕಾಳುಗಳಿಗೂ, ಉಳಿದ ಕಾಲು ಭಾಗ ಮಾತ್ರ ಅನ್ನ, ಮುದ್ದೆ ಅಥವಾ ರೊಟ್ಟಿಗೂ ಮೀಸಲಾದರೆ ಇನ್ಸುಲಿನ್ನಿನ ಹೊರೆ ಇಳಿಯುತ್ತದೆ.

ಮೂರನೆಯದು ಔಷಧಿಗಳು. 1957ರಿಂದ ಬಳಕೆಯಲ್ಲಿರುವ ಮೆಟ್‌ಫಾರ್ಮಿನ್ ಮುಖ್ಯವಾಗಿ ಯಕೃತ್ತು ಗ್ಲೂಕೋಸ್ ತಯಾರಿಸುವುದನ್ನು ತಗ್ಗಿಸುತ್ತದೆ. ಗ್ಲಿಮಿಪಿರೈಡ್‌ನಂಥವು ಬೀಟಾ ಕೋಶಗಳಿಂದ ಹೆಚ್ಚು ಇನ್ಸುಲಿನ್ ಬಿಡಿಸುತ್ತವೆ. ಗ್ಲಿಪ್ಟಿನ್ ಗುಂಪಿನ ಮಾತ್ರೆಗಳು ಜಿಎಲ್‌ಪಿ-1ನ್ನು ನಾಶಪಡಿಸುವ ಕಿಣ್ವವನ್ನು ತಡೆಯುತ್ತವೆ. 2005ರಿಂದ ಈಚೆಗೆ ಬಂದ ಕೆಲವು ಚುಚ್ಚುಮದ್ದುಗಳು ಆ ಹಾರ್ಮೋನಿನ ಕೆಲಸವನ್ನೇ ಮಾಡುತ್ತವೆ. ಗ್ಲಿಫ್ಲೋಜಿನ್ ಗುಂಪಿನವು ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುತ್ತವೆ. ಒಬ್ಬರಿಗೆ ಬರೆದ ಮಾತ್ರೆಯನ್ನು ಇನ್ನೊಬ್ಬರು ನುಂಗಬಾರದೆನ್ನುವುದು ಈ ಕಾರಣದಿಂದ: ಇಬ್ಬರ ಅಂಕಿ ಒಂದೇ ಆಗಿದ್ದರೂ ಕೆಟ್ಟಿರುವ ಕೊಂಡಿ ಬೇರೆಯಾಗಿರಬಹುದು. ಅಂಕಿ ಹತೋಟಿಗೆ ಬಂದಿದೆಯೆಂದರೆ ಔಷಧಿ ತನ್ನ ಕೆಲಸ ಮಾಡುತ್ತಿದೆಯೆಂದು ತಿಳಿಯಬೇಕು. ತೂಕ ಇಳಿದು, ನಡಿಗೆ ಮೈಗೂಡಿದಾಗ ಔಷಧಿಯನ್ನು ಕಡಿಮೆ ಮಾಡಲು ಸಾಧ್ಯವಾಗುವುದುಂಟು. ಆದರೆ ಆ ತೀರ್ಮಾನ ವೈದ್ಯರದಾಗಿರಬೇಕು.

ಇನ್ಸುಲಿನ್ ಕುರಿತ ಭಯವನ್ನೂ ಇಲ್ಲಿಯೇ ನಿವಾರಿಸಬೇಕು. ಬೀಟಾ ಕೋಶಗಳು ಕಾಲಕ್ರಮದಲ್ಲಿ ಕುಗ್ಗುವುದು ಈ ರೋಗದ ಸ್ವಭಾವ. ಆದುದರಿಂದ ಹತ್ತು ಹದಿನೈದು ವರ್ಷಗಳ ಬಳಿಕ ಕೆಲವರಿಗೆ ಇನ್ಸುಲಿನ್ ಬೇಕಾಗುವುದು ಅವರ ತಪ್ಪಿನಿಂದಲ್ಲ. ದೇಹ ತಯಾರಿಸಲಾರದೆ ಹೋದುದನ್ನು ಹೊರಗಿನಿಂದ ತುಂಬಿಕೊಡುವುದಷ್ಟೇ ಆ ಸೂಜಿಯ ಕೆಲಸ. ಅದನ್ನು ತಡಮಾಡಿದಷ್ಟೂ ಅಕ್ಷಿಪಟಲ, ಮೂತ್ರಪಿಂಡ, ಪಾದದ ನರಗಳು ಸದ್ದಿಲ್ಲದೆ ಹಾನಿಗೊಳ್ಳುತ್ತವೆ.

ಒಂದು ಎಚ್ಚರಿಕೆಯೂ ಅವಶ್ಯ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಊಟ ತಪ್ಪಿಸಿದರೆ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ನಡುಕ, ಎದೆಬಡಿತ, ಗಲಿಬಿಲಿ ಇವು ಅದರ ಲಕ್ಷಣಗಳು. ಒಡನೆಯೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಬೇಕು. ಹದಿನೈದು ನಿಮಿಷಗಳ ನಂತರ ಪುನಃ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಸಾಗಿಸಬೇಕು. ಏಕಾದಶಿ, ಶಿವರಾತ್ರಿ, ರಂಜಾನ್ ಮುಂತಾದ ಉಪವಾಸಗಳನ್ನು ಆಚರಿಸುವವರು ಔಷಧಿಯ ಪ್ರಮಾಣವನ್ನು ವೈದ್ಯರಿಂದ ಮೊದಲೇ ನಿರ್ಧರಿಸಿಕೊಳ್ಳಬೇಕು.

ಹೊಸ್ತಿಲಲ್ಲಿರುವವರಿಗೆ

ರೋಗದ ಹೊಸ್ತಿಲಲ್ಲಿರುವವರನ್ನು ಅಲ್ಲಿಯೇ ತಡೆಯಬಹುದೆಂಬುದಕ್ಕೆ ಚೆನ್ನೈ ನಗರದಲ್ಲಿ ಡಾ. ಎ. ರಾಮಚಂದ್ರನ್ ಅವರ ನೇತೃತ್ವದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವು ಸಾಕ್ಷಿಯಾಗಿದೆ. ಸಕ್ಕರೆ ಏರತೊಡಗಿದ್ದರೂ ಮಧುಮೇಹದ ಮಟ್ಟ ಮುಟ್ಟದಿದ್ದ 531 ಮಂದಿ ಅದರಲ್ಲಿ ಪಾಲ್ಗೊಂಡರು. ಸಾಮಾನ್ಯ ಸಲಹೆಯನ್ನಷ್ಟೇ ಪಡೆದವರಲ್ಲಿ ಮೂರು ವರ್ಷಗಳೊಳಗೆ ಶೇಕಡಾ 55ರಷ್ಟು ಮಂದಿಗೆ ಮಧುಮೇಹ ಬಂದಿತು. ನಡಿಗೆ ಮತ್ತು ಆಹಾರದ ನಿಯಮಗಳನ್ನು ಮಾರ್ಗದರ್ಶನದೊಡನೆ ಪಾಲಿಸಿದವರಲ್ಲಿ ಅದು ಶೇಕಡಾ 39ಕ್ಕೆ ಇಳಿಯಿತು. ದುಬಾರಿ ಸಾಧನವೊಂದೂ ಇದಕ್ಕೆ ಬೇಕಾಗಲಿಲ್ಲ.

ಬರಿಯ ಹೊಟ್ಟೆಯಲ್ಲಿ 126 ಅಥವಾ ಅದಕ್ಕೂ ಹೆಚ್ಚು, ಗ್ಲೂಕೋಸ್ ಕುಡಿದ ಎರಡು ಗಂಟೆಯ ನಂತರ 200 ಅಥವಾ ಹೆಚ್ಚು, ಸುಮಾರು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ಶೇಕಡಾ 6.5 ಅಥವಾ ಹೆಚ್ಚು ಬಂದರೆ ಮಧುಮೇಹವೆಂದು ಪರಿಗಣಿಸಲಾಗುತ್ತದೆ. ಲಕ್ಷಣಗಳಿಲ್ಲದಿದ್ದಲ್ಲಿ ಎರಡನೆಯ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿಯಲ್ಲಿ 30 ವರ್ಷ ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆ ಹಾಗೂ ರಕ್ತದೊತ್ತಡದ ತಪಾಸಣೆಯ ವ್ಯವಸ್ಥೆಯಿದೆ. ಜನೌಷಧಿ ಕೇಂದ್ರಗಳಲ್ಲಿ ಮೆಟ್‌ಫಾರ್ಮಿನ್ ಮುಂತಾದ ಮಾತ್ರೆಗಳು ಕಡಿಮೆ ಬೆಲೆಗೆ ದೊರೆಯುತ್ತವೆ. ಹುಟ್ಟೂರಿನಿಂದ ದೂರ ಬಂದು ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಗಳಲ್ಲಿ ನೆಲೆಸಿದ ಕುಟುಂಬಗಳು ತಮ್ಮ ಬಡಾವಣೆಯ ಆರೋಗ್ಯ ಕೇಂದ್ರ ಎಲ್ಲಿದೆಯೆಂದು ಇಂದೇ ವಿಚಾರಿಸಿಕೊಳ್ಳುವುದು ಉತ್ತಮ. ತಂದೆ ತಾಯಿಗಳಲ್ಲಿ ಒಬ್ಬರಿಗಾದರೂ ಮಧುಮೇಹವಿದ್ದವರು, ಬಸಿರಿನಲ್ಲಿ ಸಕ್ಕರೆ ಏರಿದ್ದ ಮಹಿಳೆಯರು ಇನ್ನೂ ಮುಂಚಿತವಾಗಿಯೇ ಪರೀಕ್ಷೆಗೆ ಒಳಪಡಬೇಕು.

ಮಧುಮೇಹವುಳ್ಳವನನ್ನು ಬಾಯಿಚಪಲದವನೆಂದು ದೂರುವುದರಿಂದ ಅವನ ಚಿಂತೆ ಹೆಚ್ಚುತ್ತದೆ. ಚಿಂತೆಯಿಂದ ಕಾರ್ಟಿಸಾಲ್ ಏರುತ್ತದೆ. ಅದರಿಂದ ಸಕ್ಕರೆಯೂ ಏರುತ್ತದೆ. ದೂರುವ ಬದಲು ಮನೆಯವರು ಅವನೊಡನೆ ಅರ್ಧ ಗಂಟೆ ನಡೆದರೆ, ಎಲ್ಲರ ತಟ್ಟೆಯಲ್ಲಿಯೂ ಅದೇ ಸೊಪ್ಪು ತರಕಾರಿ ಬಡಿಸಿದರೆ, ಮಾತ್ರೆಯ ವೇಳೆಯನ್ನು ನೆನಪಿಸಿದರೆ ರೋಗಿಗೂ ಹಿತ, ಅದೇ ರಕ್ತವನ್ನು ಹಂಚಿಕೊಂಡ ಮಕ್ಕಳಿಗೂ ಹಿತ.